ತೆಂಗಿನ ಮರದ ತಲೆ ತೆಗೆದ ದಿನ

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಜಾವಗಲ್ ಪಕ್ಕದ ಅಜ್ಜಿಯ ತೋಟ. ಒಲೆಯಲ್ಲಿ ಉರಿಯುವ ತೆಂಗಿನ ಸಿಪ್ಪೆಯ ಹೊಗೆ, ಅಟ್ಟದ ಮೇಲೆ ಒಣಗುವ ಕೊಬ್ಬರಿಯ ವಾಸನೆ, ಕತ್ತಲಾದರೂ ಮುಗಿಯದ ಲಗೋರಿ.

ಆ ವರ್ಷ ಅಡುಗೆಮನೆಯ ಹೆಂಚಿನ ಕಡೆ ವಾಲಿದ್ದ ಒಂದು ತೆಂಗಿನ ಮರವನ್ನು ತೆಗೆಯಬೇಕಾಯಿತು. ಬುಡಕ್ಕೆ ಕೊಡಲಿ ಹಾಕಿದರೆ ಮನೆ ಮೇಲೇ ಬೀಳುತ್ತದೆ. ಮೊದಲು ತಲೆ ತೆಗೆದು, ಆಮೇಲೆ ತುಂಡು ತುಂಡಾಗಿ ಇಳಿಸೋಣ ಎಂದವನು ಅಮ್ಮನ ತಮ್ಮ ಸೋಮಣ್ಣ ಮಾವ. ಆಗಿನ್ನೂ ಮದುವೆಯಾಗದ ಹುಡುಗ. ಮರದ ತುದಿಯಲ್ಲಿ ಕೂತು ಕೆಳಗಿದ್ದ ನಮ್ಮನ್ನೆಲ್ಲ ಅಣಕಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ಮರದ ತಲೆಯೊಳಗಿನ ಬಿಳಿ ತಿರುಳು ಬಲು ಸಿಹಿ. ಅದರ ಆಸೆಗೆ ನಾವು ಮಕ್ಕಳು ಬೆಳಿಗ್ಗೆಯಿಂದಲೇ ಕಾದಿದ್ದೆವು.

ಮಾವ ಮೇಲೆ ಹತ್ತಿ ಮರದ ತಲೆಗೆ ಹಗ್ಗ ಬಿಗಿದ. ಅದರ ಕೆಳತುದಿ ತೋಟದ ಕಡೆ ದೂರದಲ್ಲಿ ನಿಂತ ಅಪ್ಪನ ಕೈಯಲ್ಲಿ. ಅಪ್ಪನ ಹಿಂದೆ ಇಬ್ಬರು ಆಳು, ಅವರ ಹಿಂದೆ ನಾವು. ತಲೆ ಮನೆಯ ಮೇಲೆ ಬೀಳದಂತೆ ಎಳೆಯುವುದು ನಮ್ಮ ಕೆಲಸ. ಇನ್ನೊಂದು ಹಗ್ಗದಿಂದ ತನ್ನ ಸೊಂಟವನ್ನು ಮರಕ್ಕೆ ಕಟ್ಟಿಕೊಂಡು ಮಾವ ಕೊಡಲಿ ಎತ್ತಿದ. ಅಜ್ಜಿ ಹುಷಾರು ಎಂದಳು.

"ಏನೂ ಆಗಲ್ಲ ಸುಮ್ನಿರವ್ವ. ಭಾವ, ಜೋರಾಗಿ ಎಳೀರಿ" ಎಂದ ಮಾವ.

ಎಳೆದೆವು. ಮರ ನಮ್ಮ ಕಡೆ ಬಾಗಿತು. ನಾವು ಎಳೆದಷ್ಟೇ ಬಲವಾಗಿ ಅದೂ ನಮ್ಮನ್ನು ಎಳೆಯುತ್ತಿದೆ ಎಂಬುದು ಅಂಗೈಯ ಉರಿಯಲ್ಲೇ ಗೊತ್ತಾಗುತ್ತಿತ್ತು. ಅದರಿಂದ ಮುಂದೇನಾದೀತು ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಲಟಕ್ಕನೆ ತಲೆ ಮುರಿಯಿತು. ಹಗ್ಗ ಸಡಿಲಾಗಿ ನಾವೆಲ್ಲ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದೆವು, ಬಿದ್ದಲ್ಲೇ ನಕ್ಕೆವು. ಅಪ್ಪನೂ ನಕ್ಕರು. ಅಷ್ಟರಲ್ಲಿ ಅಮ್ಮ ಚೀರಿದಳು. ನಾವು ಈಚೆ ಬಿದ್ದ ಹೊತ್ತಿಗೇ ಬೋಳು ಮರ ಮಾವನನ್ನು ಹೊತ್ತು ಆಚೆ, ಮನೆಯ ಕಡೆ, ಬೀಸಿತ್ತು. ಮತ್ತೆ ಈಚೆ, ಮತ್ತೆ ಆಚೆ. ಕೊಡಲಿ ಹಾರಿ ಹೆಂಚಿನ ಮೇಲೆ ಬಿತ್ತು. ಮಾವನ ಕಾಲು ಮರ ಬಿಟ್ಟು ಗಾಳಿಯಲ್ಲಿ ಒದ್ದಾಡುತ್ತಿತ್ತು. ಸೊಂಟದ ಹಗ್ಗವೊಂದೇ ಅವನನ್ನು ಹಿಡಿದಿತ್ತು.

ತೂಗಾಟ ನಿಂತ ಮೇಲೆ ಮಾವ ಮರವನ್ನು ತಬ್ಬಿಕೊಂಡು ಜಾರುತ್ತಾ ಇಳಿದ. ಎದೆಯ ಚರ್ಮ ಸುಲಿದಿತ್ತು. ಅಮ್ಮ ಕೊಟ್ಟ ನೀರಿನ ಚೊಂಬನ್ನು ಕೆಳಗಿಟ್ಟು ಮರದ ತುದಿಯನ್ನೇ ನೋಡಿದ.

"ಅದು ನನ್ನ ಎಸೀತು ಕಣಕ್ಕ" ಎಂದ.

ಆ ದಿನ ತಿರುಳನ್ನು ಯಾರೂ ಮುಟ್ಟಲಿಲ್ಲ.

ಮುಂದೆ ಹೈಸ್ಕೂಲಿನಲ್ಲಿ ಮೇಷ್ಟ್ರು ಬಲೂನು ಊದಿ ಹಾರಬಿಟ್ಟು, ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ, ಎದುರು ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂದಾಗ ತರಗತಿಯೆಲ್ಲ ನಕ್ಕಿತು. ನನ್ನ ಕಣ್ಣ ಮುಂದೆ ಮಾತ್ರ ಮಾವನನ್ನು ಹೊತ್ತ ಬೋಳು ಮರ ಬೀಸಿತು.

ಮಾವ ಮತ್ತೆಂದೂ ಮರ ಹತ್ತಲಿಲ್ಲ. ಹೋದ ತಿಂಗಳು ಅದೇ ತೋಟದ ಇನ್ನೊಂದು ಮರ ತೆಗೆಯಲು ಕ್ರೇನ್ ಬಂದಿತ್ತು. ಈಗ ಮೊಮ್ಮಕ್ಕಳಿರುವ ಮಾವ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ಮರ ಅಲುಗಿದ್ದೇ ತಡ, ಎದ್ದು ನನ್ನ ಕೈ ಹಿಡಿದ.

"ಒಳಕ್ಕೆ ಹೋಗಣ ಬಾ ಮಗ."

ಹೆದರಿಕೆಯೇ ಗೊತ್ತಿಲ್ಲದ ಸೋಮಣ್ಣ ಮಾವನನ್ನು ನಾವು ಆ ಬೇಸಿಗೆಯಲ್ಲೇ ಕಳೆದುಕೊಂಡಿದ್ದೆವು. ಆ ಕೈಯನ್ನು ಬಿಗಿಯಾಗಿ ಹಿಡಿದು ಒಳಗೆ ಕರೆದುಕೊಂಡು ಹೋದೆ.