ಬಾಳವ್ವನ ದೋಣಿಗೆ ಎಡಕ್ಕೆ

ಇಳಕಲ್ಲಿನಿಂದ ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಂಡಕ್ಟರಿಕೆ ಮಾಡುತ್ತಿದ್ದ ಮಲಕಪ್ಪನ ಬಾಯಲ್ಲಿ ಬರುತ್ತಿದ್ದ ಪ್ರಶ್ನೆ ಒಂದೇ ಒಂದು: "ಎಲ್ಲಿಗ್ರಿ?" ಅದನ್ನು ಬಿಟ್ಟರೆ ಅವನು ಯಾರನ್ನೂ ಏನನ್ನೂ ಕೇಳಿದ ಮನುಷ್ಯನಲ್ಲ. ಕೇಳುವುದು ಮಂದಿಯ ಕೆಲಸ, ಹೇಳುವುದು ಕಂಡಕ್ಟರನ ಕೆಲಸ ಎಂದು ಅವನ ನಂಬಿಕೆ. ಹುನಗುಂದದಲ್ಲಿ ಹಲ್ಲಿನ ಡಾಕ್ಟರು ಎಲ್ಲಿ ಕೂಡುತ್ತಾರೆ, ಅಮೀನಗಡದಲ್ಲಿ ಒಳ್ಳೆಯ ಕರದಂಟು ಯಾವ ಅಂಗಡಿಯಲ್ಲಿ ಸಿಗುತ್ತದೆ, ತುಳಸಿಗೇರಿ ಹನುಮಪ್ಪನಿಗೆ ಹೋಗಲು ಬಾಗಲಕೋಟೆಯಲ್ಲಿ ಯಾವ ಬಸ್ಸು ಹತ್ತಬೇಕು, ಎಲ್ಲವನ್ನೂ ಹೇಳುತ್ತಿದ್ದ. ಗೊತ್ತಿದ್ದರೂ ಹೇಳುತ್ತಿದ್ದ, ಗೊತ್ತಿಲ್ಲದಿದ್ದರೂ ಹೇಳುತ್ತಿದ್ದ. "ಗೊತ್ತಿಲ್ಲ" ಎಂದರೆ ಮೈಮೇಲಿನ ಖಾಕಿ ಅಂಗಿಗೇ ಅವಮಾನ ಎಂದು ತಿಳಿದ ಜೀವ ಅದು.

ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳುತ್ತಿದ್ದುದು ಬಾಳವ್ವನ ದೋಣಿಯ ದಾರಿ. ಪಟ್ಟದಕಲ್ಲು ದಾಟಿ ಬಾದಾಮಿ ಇನ್ನೂ ಮುಟ್ಟುವ ಮೊದಲು, ಕೆಂಪು ಕಲ್ಲಿನ ಗುಡ್ಡದೊಳಗೆ ಒಂದು ದೋಣಿ ಇದೆ. ಬಂಡೆಗಳ ನಡುವೆ ತಾನಾಗಿ ಆದ ನೀರಿನ ಗುಂಡಿಗೆ ಆ ಕಡೆ ದೋಣಿ ಎನ್ನುತ್ತಾರೆ. ಬಾಳವ್ವ ಎಂಬ ತುಂಬಿದ ಬಸುರಿ ನಡೆಯುತ್ತ ತವರಿಗೆ ಹೊರಟವಳು ಕಾಲು ಸೋತು ಅಲ್ಲಿ ಕುಳಿತು ಅತ್ತಳಂತೆ. ಕುಳಿತ ಬಂಡೆ ಅವಳ ಅಳು ಕೇಳಲಾರದೆ ಬಾಯ್ದೆರೆದು ನೀರು ಬಿಟ್ಟಿತಂತೆ. ಆ ನೀರಿನಲ್ಲಿ ಕಾಲು ಇಳಿಬಿಟ್ಟು ಎದ್ದವಳು ಎಲ್ಲೂ ನಿಲ್ಲದೆ ತವರು ಮುಟ್ಟಿದಳಂತೆ. ಅಂದಿನಿಂದ ಕಾಲುನೋವಿನವರೆಲ್ಲ ಅಲ್ಲಿಗೆ ಹೋಗಿ ಮುಳುಗಿ ಬರುತ್ತಾರೆ.

ಮಲಕಪ್ಪನಿಗೆ ಆ ದಾರಿ ಕಲಿಸಿದವರು ಹಿರಿಯ ಕಂಡಕ್ಟರ್ ಚಂದ್ರಶೇಖರಪ್ಪ. ಹೊಸದಾಗಿ ಕೆಲಸಕ್ಕೆ ಸೇರಿದ ವಾರ, ಓಡುತ್ತಿದ್ದ ಬಸ್ಸಿನಲ್ಲಿ ಡ್ರೈವರಿಗೆ ಬೆನ್ನು ಹಾಕಿ ನಿಂತು, "ಕ್ರಾಸಿಗೆ ಇಳಿದು ಅರ್ಧ ತಾಸು ನಡದರ ದೊಡ್ಡ ಹುಣಸಿ ಗಿಡ ಬರ್ತೈತಿ. ಅಲ್ಲಿ ಈ ಕಡೆ ಹೊಳ್ಳಬೇಕು" ಎಂದು ಒಂದು ಕೈ ಎತ್ತಿ ತೋರಿಸಿದ್ದರು. ಎದುರಿಗೆ ಕುಳಿತಿದ್ದ ಮಲಕಪ್ಪ ಅದನ್ನು ಎಡಕ್ಕೆ ಎಂದು ತಲೆಯಲ್ಲಿ ಇಟ್ಟುಕೊಂಡ. ಅಂದಿನಿಂದ ಕೇಳಿದವರಿಗೆಲ್ಲ "ಹುಣಸಿ ಗಿಡದ ಎಡಕ್ಕ ಹೋಗ್ರಿ" ಎನ್ನುತ್ತ ಬಂದ. "ನೀವು ಹೋಗೀರೇನ್ರಿ?" ಎಂದು ಯಾರಾದರೂ ಕೇಳಿದರೆ "ಹೂಂ, ಎಷ್ಟ ಸಲ!" ಎನ್ನುತ್ತಿದ್ದ. ಹೋಗಿದ್ದು ಮಾತ್ರ ಒಂದು ಸಲವೂ ಇಲ್ಲ. ಬಸ್ಸು ಕ್ರಾಸಿನಲ್ಲಿ ನಿಲ್ಲುವುದು ಮಂದಿ ಇಳಿಯುವಷ್ಟು ಹೊತ್ತು, ಕಂಡಕ್ಟರನಿಗಾಗಿ ಅಲ್ಲವಲ್ಲ.

ಈ ಸುಳ್ಳು ಬಸ್ಸಿನಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಅದು ಮನೆಗೂ ಬಂದಿತ್ತು. ಮಗಳು ಶೈಲಾಗೆ ಒಂದೂವರೆ ವರ್ಷವಾದರೂ ನಡಿಗೆ ಬರಲಿಲ್ಲ. ಹೆಂಡತಿ ಗುರುಲಿಂಗವ್ವ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಒಂದು ದಿನ ಗಂಡನ ಕೈಗೆ ಬಾಟಲಿ ಕೊಟ್ಟು, "ಬಾಳವ್ವನ ನೀರು ತಂದಕೊಡ್ರಿ, ಕೂಸಿನ ಕಾಲಿಗೆ ಹಾಕ್ತೇನಿ" ಎಂದಳು. ಮಲಕಪ್ಪ ಇಡೀ ದಿನ ಡ್ಯೂಟಿ ಮಾಡಿದ, ಬಾಟಲಿ ಬ್ಯಾಗಿನಲ್ಲೇ ಉಳಿಯಿತು. ಸಂಜೆ ಬಾದಾಮಿಯ ಬಸ್‌ಸ್ಟ್ಯಾಂಡಿನ ನಳಕ್ಕೆ ಬಾಟಲಿ ಹಿಡಿದ. ಗುರುಲಿಂಗವ್ವ ಆ ನೀರನ್ನು ಒಂಬತ್ತು ದಿನ ಭಕ್ತಿಯಿಂದ ಕೂಸಿನ ಕಾಲಿಗೆ ಹಾಕಿ ತಿಕ್ಕಿದಳು. ಹತ್ತನೆಯ ದಿನ ಶೈಲಾ ಮಗ್ಗದ ಕಂಬ ಹಿಡಿದು ಎದ್ದು ಮೂರು ಹೆಜ್ಜೆ ಇಟ್ಟಳು. ಈಗ ಬಾಗಲಕೋಟೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಓಟ, ಕೊಕ್ಕೋ ಕಲಿಸುವ ಟೀಚರು ಅವಳು.

ನಿಜ ಹೇಳಬೇಕೆಂದು ಮಲಕಪ್ಪನಿಗೆ ಆಗ ಅನ್ನಿಸಿತ್ತು. ಆದರೆ ಕುಣಿಯುತ್ತಿರುವ ಹೆಂಡತಿಗೆ ನಳದ ಕಥೆ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಇಪ್ಪತ್ತೈದು ವರ್ಷ ಬರಲಿಲ್ಲ.

ಈಗ ಗುರುಲಿಂಗವ್ವನ ಮೊಣಕಾಲು ಹಿಡಿದಿದ್ದವು. ಮೂವತ್ತು ವರ್ಷ ಕುಣಿಯಲ್ಲಿ ಕಾಲಿಟ್ಟು ಹಲಗೆ ತುಳಿದ ಕಾಲು. ಮಾತ್ರೆ ನುಂಗಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. "ನನ್ನ ಕೂಸಿನ ನಡಿಸಿದ ತಾಯಿ ನನ್ನ ಬಿಡ್ತಾಳೇನು? ಈ ಸಲ ಬಾಟ್ಲಿ ಬ್ಯಾಡ, ನಾನ ಹೋಗಿ ಮುಳಗಿ ಬರ್ತೇನಿ. ನಿಮಗ ದಾರಿ ಅಂಗೈ ಇದ್ದಂಗ ಐತಿ" ಎಂದು ಹಟ ಹಿಡಿದಳು. ಶ್ರಾವಣದ ಕೊನೆಯ ಬೆನಕನ ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು, ಅದೇ ದಿನ ಮಲಕಪ್ಪನ ವಾರದ ರಜೆ. ತಪ್ಪಿಸಿಕೊಳ್ಳಲು ನೆಪವೇ ಉಳಿಯಲಿಲ್ಲ.

ಅಂದು ಡ್ಯೂಟಿಯಲ್ಲಿದ್ದವಳು ಆಫ್ರೀನ, ನಾಲ್ಕು ವರ್ಷದ ಹಿಂದೆ ಸೇರಿದ ಕಂಡಕ್ಟರು. ಗುರುಲಿಂಗವ್ವನ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟು, "ಎಲ್ಲಿಗ್ರಿ ಕಾಕಾ, ಇವತ್ತ ನೀವು ಪ್ಯಾಸೆಂಜರ್ರ?" ಎಂದು ನಕ್ಕಳು. ತನ್ನದೇ ಬಸ್ಸಿನಲ್ಲಿ ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಡುವ ಹೊತ್ತು ಬಂತಲ್ಲ ಎಂದು ಮಲಕಪ್ಪನಿಗೆ ಅನ್ನಿಸಿತು. ಕ್ರಾಸಿಗೆ ಎಂದ.

ಕ್ರಾಸಿನಲ್ಲಿ ಇಳಿದ ಮೇಲೆ ಹುಣಸೆ ಮರದವರೆಗೆ ದಾರಿ ಕೈಬಿಡಲಿಲ್ಲ. ಮಳೆ ಬಂದು ಹೋಗಿ ಸಜ್ಜೆ ಹೊಲಗಳೆಲ್ಲ ಹಸಿರಾಗಿದ್ದವು. ಗುರುಲಿಂಗವ್ವ ನೂರು ಹೆಜ್ಜೆಗೊಮ್ಮೆ ನಿಂತು ಮೊಣಕಾಲು ಒತ್ತಿಕೊಂಡು ಮತ್ತೆ ನಡೆಯುತ್ತಿದ್ದಳು. ಮರದ ಬುಡದಲ್ಲಿ ದಾರಿ ಎರಡಾಯಿತು. ಮಲಕಪ್ಪ ಸಾವಿರಾರು ಮಂದಿಗೆ ಹೇಳಿದ್ದನ್ನೇ ತಾನೂ ಕೇಳಿ ಎಡಕ್ಕೆ ಹೊರಳಿದ.

ಒಂದು ಫರ್ಲಾಂಗು, ಎರಡು ಫರ್ಲಾಂಗು, ಮೂರು. ಕವಳಿ ಕಂಟಿ ದಾಟಿ, ಜಾಲಿ ದಾಟಿ, ಕೊನೆಗೆ ದಾರಿ ಒಂದು ಹಳೆಯ ಕಲ್ಲುಗಣಿಗೆ ಹೋಗಿ ಮುಗಿಯಿತು. ಸುತ್ತ ಒಡೆದ ಕಲ್ಲು, ನಡುವೆ ಧೂಳು. ನೀರಿನ ಹನಿಯೂ ಇಲ್ಲ. ಒಂದು ಬೇವಿನ ಮರ, ಅದರ ಕೆಳಗೆ ಗೋಣಿಚೀಲ ಹಾಸಿ ಎರಡು ಗಡಿಗೆ ಇಟ್ಟುಕೊಂಡು ಕುಳಿತ ಒಬ್ಬ ಮುದುಕಿ, ಅಷ್ಟೇ.

"ಎಲ್ಲೈತ್ರಿ ದೋಣಿ?" ಎಂದಳು ಗುರುಲಿಂಗವ್ವ.

ಮಲಕಪ್ಪ ಸುತ್ತಲೂ ಕಣ್ಣಾಡಿಸಿದ, ದೋಣಿ ಕಾಣಲಿಲ್ಲ. ಆದರೂ ಹಳೆಯ ಚಾಳಿ ಬಿಡಲಿಲ್ಲ. "ಇಲ್ಲೇ ಇತ್ತು ನೋಡು. ಈ ಗಣಿಯವರು ಮುಚ್ಚಿಬಿಟ್ಟಾರ ಕಾಣಸ್ತೈತಿ" ಎಂದುಬಿಟ್ಟ.

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. "ದೋಣಿ ಇಲ್ಲಿ ಯಾವಾಗಿತ್ತೋ ತಮ್ಮಾ? ನಿನಗೂ ಆ ಕಂಡಕ್ಟರ್ ಹೇಳಿದನೇನು?"

"ಯಾವ ಕಂಡಕ್ಟರ್ ಯವ್ವಾ?" ಎಂದವಳು ಗುರುಲಿಂಗವ್ವ.

"ಯಾರಿಗ್ಗೊತ್ತ ಯವ್ವಾ, ನಾ ಅವನ ಮುಖಾ ನೋಡಿಲ್ಲ. ಇಳಕಲ್ ಬಸ್ಸಿನ್ಯಾಗ ಒಬ್ಬ ಅದಾನಂತ. ಬಂದೋರಿಗೆಲ್ಲ ಹುಣಸಿ ಗಿಡದ ಎಡಕ್ಕ ಹೋಗ್ರಿ ಅಂತಾನಂತ. ದೋಣಿ ಇರೂದು ಬಲಕ್ಕ. ಎಲ್ಲಾರೂ ಇಲ್ಲಿಗೆ ಬಂದು ನೀರಡಿಸಿ ನಿಲ್ತಾರ. ಪಾಪ ಅಂತ ಮೊದಲ ನೀರು ಕೊಟ್ಟೆ, ಆಮ್ಯಾಲೆ ಮಜ್ಜಿಗಿ ಮಾಡಿಟ್ಟೆ. ಗಂಡ ಸತ್ತ ವರ್ಷ ಅದು. ಇಪ್ಪತ್ತ ವರ್ಷಾತು, ನನ್ನ ಸಂಸಾರ ಆ ಪುಣ್ಯಾತ್ಮನ ತಪ್ಪಿನ ಮ್ಯಾಲ ನಡದೈತಿ. ಅವ ನೂರ್ಕಾಲ ಬಾಳಲಿ, ಖರೆ ದಾರಿ ಯಾವತ್ತೂ ಕಲೀಬಾರದು!"

ಮುದುಕಿಯ ಹೆಸರು ಯಮನವ್ವ. ಇಪ್ಪತ್ತು ವರ್ಷದಲ್ಲಿ ಇಂಥ ಆಶೀರ್ವಾದವನ್ನು ಆಕೆ ಎಷ್ಟು ಸಲ ಮಾಡಿದ್ದಳೋ, ಆಶೀರ್ವಾದ ಪಡೆದವನು ಎದುರಿಗೇ ನಿಂತು ಬೆವರಿದ್ದು ಇದೇ ಮೊದಲು. ಚಂದ್ರಶೇಖರಪ್ಪ ಡ್ರೈವರಿಗೆ ಬೆನ್ನು ಹಾಕಿ ನಿಂತಿದ್ದು ಮಲಕಪ್ಪನ ಕಣ್ಣಮುಂದೆ ಬಂತು. ಅವರು ಎತ್ತಿದ್ದು ಬಲಗೈ. ಎದುರಿಗೆ ಕುಳಿತವನಿಗೆ ಅದು ಎಡಕ್ಕೆ ಕಂಡಿತ್ತು. ಅವನೂ ಮುಂದೆ ಇಪ್ಪತ್ತೆಂಟು ವರ್ಷ ಡ್ರೈವರಿಗೆ ಬೆನ್ನು ಹಾಕಿಯೇ ನಿಂತಿದ್ದ, ಒಮ್ಮೆಯಾದರೂ ಹೊಳೆಯಬಾರದಿತ್ತೇ!

ಗುರುಲಿಂಗವ್ವ ಗಂಡನನ್ನು ನೋಡುತ್ತ ನಿಂತಿದ್ದಳು. "ಯವ್ವಾ, ಆ ಕಂಡಕ್ಟರ್ ಇವರ" ಎಂದಳು. ಆಮೇಲೆ ಒಂದು ಕಲ್ಲಿನ ಮೇಲೆ ಕುಳಿತು, ಸಣ್ಣ ದನಿಯಲ್ಲಿ ಕೇಳಿದಳು. "ದೋಣಿಗೆ ನೀವು ಒಮ್ಮೆನೂ ಬಂದಿಲ್ಲ. ಹೌದಲ್ಲರಿ? ಹಂಗಾರ ಶೈಲಾನ ಕಾಲಿಗೆ ಹಾಕಿದ್ದು ಯಾವ ನೀರು?"

ಮಲಕಪ್ಪನಿಗೆ ಸುಳ್ಳು ಹುಡುಕಿದರೂ ಸಿಗಲಿಲ್ಲ. ಇನ್ನು ಬೇಕೂ ಆಗಿರಲಿಲ್ಲ. "ಬಸ್‌ಸ್ಟ್ಯಾಂಡಿನ ನಳದ್ದು" ಎಂದ. "ಹೇಳಬೇಕಂತಿದ್ದೆ. ನೀ ಅಷ್ಟು ಖುಷಿಯಾಗಿದ್ದಿ, ಹೇಳಾಕ ಬಾಯಿ ಬರಲಿಲ್ಲ. ತಪ್ಪಾತು."

ಯಮನವ್ವ ಕೊಟ್ಟ ಮಜ್ಜಿಗೆಯ ಲೋಟ ಗುರುಲಿಂಗವ್ವನ ಕೈಯಲ್ಲೇ ಉಳಿಯಿತು. ಇನ್ನು ಇವಳಿಗೆ ದೋಣಿಯ ಮೇಲಿನ ನಂಬಿಕೆಯೂ ಹೋಯಿತು, ನನ್ನ ಮೇಲಿನದೂ ಹೋಯಿತು, ವಾಪಸ್ಸು ಹೋಗೋಣ ಎನ್ನುತ್ತಾಳೆ ಎಂದು ಮಲಕಪ್ಪ ತಲೆ ತಗ್ಗಿಸಿದ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

"ಅಂದ್ರ ನನ್ನ ಕೂಸು ತಾನ ನಡೀತು" ಎಂದಳು ಗುರುಲಿಂಗವ್ವ.

ಅವನು ತಲೆ ಎತ್ತಿದ.

"ಯಾರ ಹಂಗೂ ಇಲ್ಲದ ತಾನ ಎದ್ದು ನಡೀತು ನನ್ನ ಮಗಳು. ಇಲ್ಲಂದ್ರ ಒಂಬತ್ತು ದಿನಾ ನಾ ಕಾಲು ತಿಕ್ಕಿದ್ದಕ್ಕ ನಡೀತು." ಮಜ್ಜಿಗೆ ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟಳು. ಎರಡೂ ಕೈ ಮೊಣಕಾಲಿನ ಮೇಲೆ ಊರಿದಳು. ಮಲಕಪ್ಪ ಹಿಡಿಯಲು ಹೋದರೆ ಕೈ ಕೊಡವಿದಳು. "ಬಿಡ್ರಿ. ನಳದ ನೀರಿಗೆ ನಡದ ಕೂಸಿನ ತಾಯಿ ನಾ. ದೋಣಿ ಮಟಾ ನಡೀಲಾರದಂಥಾದ್ದು ಏನೈತಿ? ಯವ್ವಾ, ದಾರಿ ತೋರಸು."

ಯಮನವ್ವ ಗಣಿಯ ಹಿಂದಿನ ಒಂದು ಕಾಲುದಾರಿ ತೋರಿಸಿದಳು. "ಹುಣಸಿ ಗಿಡಕ್ಕ ಹೊಳ್ಳಿ ಹೋಗಬ್ಯಾಡ್ರಿ. ಇದರ ಗುಂಟ ಹೋಗ್ರಿ, ಇದ ಹತ್ರ. ಮೊದಲ ಇಲ್ಲಿ ದಾರಿನ ಇರಲಿಲ್ಲ, ದಾರಿ ತಪ್ಪಿ ಬಂದೋರ ಕಾಲಾಗ ಬಿದ್ದದ್ದು" ಎಂದು ಮಲಕಪ್ಪನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಗುರುಲಿಂಗವ್ವ ಮುಂದೆ, ಮಲಕಪ್ಪ ಬಟ್ಟೆಯ ಗಂಟು ಹೊತ್ತು ಹಿಂದೆ. ದಾರಿಯುದ್ದಕ್ಕೂ ಅವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಸಿಟ್ಟು ಇತ್ತು, ಇರಬೇಕಾದದ್ದೇ. ಎರಡು ಕಡೆ ದಾರಿ ಕವಲಾದಾಗ ಕುರಿ ಕಾಯುತ್ತಿದ್ದವರನ್ನು ಮಲಕಪ್ಪನೇ ಕೂಗಿ ಕೇಳಿದ, "ಬಾಳವ್ವನ ದೋಣಿಗೆ ಹೆಂಗ ಹೋಗಬೇಕ್ರಿ?" ಕೇಳಿದ ಮೇಲೆ ನೋಡಿದರೆ ಮಾನವೇನೂ ಹೋಗಿರಲಿಲ್ಲ. ಎರಡನೆಯ ಸಲ ಇನ್ನೂ ಸಲೀಸಾಗಿ ಕೇಳಿದ.

ಬಂಡೆಯ ಸಂದಿನಲ್ಲಿ ನುಸುಳಿ ಆಚೆ ಬಂದರೆ ದೋಣಿ ಕಂಡಿತು. ದೊಡ್ಡದೇನಲ್ಲ, ಎರಡು ಮಗ್ಗದ ಮನೆಯಷ್ಟು. ಮೇಲಿನ ಕಲ್ಲಿನಿಂದ ನೀರು ಸಣ್ಣಗೆ ಇಳಿಯುತ್ತಿತ್ತು, ತಳದ ಕೆಂಪು ಕಲ್ಲು ನಿಚ್ಚಳವಾಗಿ ಕಾಣುತ್ತಿತ್ತು. ಗುರುಲಿಂಗವ್ವ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಳು. ಮೂವತ್ತು ವರ್ಷ ಹೀಗೇ ಕುಳಿತವಳು, ಆದರೆ ಕುಣಿಯಲ್ಲಿ ನೀರಿದ್ದದ್ದು ಇದೇ ಮೊದಲು. ತಣ್ಣನೆಯ ನೀರು ಮೊಣಕಾಲು ಮುಟ್ಟಿದ್ದೇ ತಡ, ಅವಳ ಪಾದಗಳು ರೂಢಿಯಂತೆ ತಾವಾಗಿಯೇ ಒಂದಾದ ಮೇಲೊಂದು ತುಳಿಯತೊಡಗಿದವು. ಅದನ್ನು ನೋಡಿ ಅವಳಿಗೇ ನಗು ಬಂತು. ನಗುತ್ತಲೇ ನೀರಿಗಿಳಿದು ಮೂರು ಸಲ ಮುಳುಗಿ ಎದ್ದಳು.

ಮಲಕಪ್ಪ ಇನ್ನೂ ದಂಡೆಯಲ್ಲಿ ಗಂಟು ಹಿಡಿದು ನಿಂತಿದ್ದ. ಕರೆಯದೆ ಇಳಿಯುವ ಧೈರ್ಯ ಅವನಿಗಿರಲಿಲ್ಲ.

"ಬಾಗಲದಾಗ ನಿಂದ್ರಬ್ಯಾಡ್ರಿ!" ಎಂದು ಅವಳು ಅವನದೇ ದನಿ ತೆಗೆದು ಕೂಗಿದಳು. "ಒಳಗ ಬರ್ರಿ, ಒಳಗ ಜಾಗಾ ಐತಿ!"

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಮಂದಿಗೆ ಹೇಳಿದ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮಲಕಪ್ಪ ಅಂಗಿ ಬಿಚ್ಚಿ ನೀರಿಗಿಳಿದ.

ಸಂಜೆ ಕ್ರಾಸಿಗೆ ಬಂದದ್ದು ಆಫ್ರೀನಳ ಬಸ್ಸೇ. ಗುರುಲಿಂಗವ್ವ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚಿದಳು. "ನೋವು ಹೋಗಿಲ್ಲ ಬಿಡ್ರಿ" ಎಂದಳು ಸೀಟಿನಲ್ಲಿ ಕುಳಿತು. "ಆದ್ರ ಇಷ್ಟ ನಡೀತೇನಿ ಅಂತ ನನಗ ಗೊತ್ತ ಇರಲಿಲ್ಲ. ಮುಂದಿನ ಅಮಾಸಿಗೂ ಬರೂಣು." ಕಾಲಬಳಿ ಇಟ್ಟ ಒದ್ದೆ ಸೀರೆಯ ಗಂಟಿನಿಂದ ನೀರು ಇಳಿದು ಬಸ್ಸಿನ ನೆಲದಲ್ಲಿ ಹರಿಯುತ್ತಿತ್ತು.

ಮುಂದಿನ ಸೀಟಿನಲ್ಲಿದ್ದ ಕಾಲೇಜಿನ ಹುಡುಗಿಯೊಬ್ಬಳು, ನಾಳೆ ತನ್ನ ಅಜ್ಜಿಯನ್ನು ಬಾಳವ್ವನ ದೋಣಿಗೆ ಕರೆತರಬೇಕೆಂದು ಆಫ್ರೀನಳ ಹತ್ತಿರ ದಾರಿ ಕೇಳಿದಳು. "ನನಗ ಗೊತ್ತಿಲ್ರಿ. ಅಗೋ, ಕಾಕಾರನ ಕೇಳ್ರಿ" ಎಂದಳು ಆಫ್ರೀನ. ಎಷ್ಟು ಸಲೀಸಾಗಿ ಗೊತ್ತಿಲ್ಲ ಎಂದಳಲ್ಲ ಎಂದು ಮಲಕಪ್ಪನಿಗೆ ಅವಳ ಮೇಲೆ ಗೌರವ ಬಂತು.

ಅವನು ಗಂಟಲು ಸರಿಮಾಡಿಕೊಂಡ. ಒಮ್ಮೆ ಹೆಂಡತಿಯ ಕಡೆ ನೋಡಿದ. ಬಲಕ್ಕೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ಹುಣಸಿ ಗಿಡದ ಎಡಕ್ಕ ಹೋಗವ್ವಾ" ಎಂದ. "ಮುಂದ ಬೇವಿನ ಗಿಡದ ಕೆಳಗ ಯಮನವ್ವ ಅಂತ ಒಬ್ಬಾಕಿ ಅದಾಳ. ಮೊದಲ ಆಕಿ ಮಜ್ಜಿಗಿ ಕುಡೀರಿ, ಅಜ್ಜಿನ್ನ ಸ್ವಲ್ಪ ಕುಂದ್ರಸು. ಆಮ್ಯಾಲೆ ಆಕಿನ್ನ ದಾರಿ ಕೇಳ್ರಿ. ಕೇಳಾಕ ನಾಚಬ್ಯಾಡ್ರಿ."

"ನೀವು ಹೋಗೀರೇನ್ರಿ ಕಾಕಾ?"

ಗುರುಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿ ನಗು ತಡೆದಳು.

"ಹೂಂ" ಎಂದ ಮಲಕಪ್ಪ. "ಇವತ್ತ ಮೊದಲ ಸಲ."