ತಾಳಿ ಕಟ್ಟದ ಮದುವೆಯ ಊಟ

ಹಿಂದೂಪುರದಿಂದ ಜನರನ್ನು ವ್ಯಾನಿನಲ್ಲಿ ತುಂಬಿಕೊಂಡು ಬೆಂಗಳೂರಿನ ಕಡೆಯ ಆಟದ ಪಾರ್ಕಿಗೆ ಹೋಗಿದ್ದೆ. ಪಾರ್ಕಿನೊಳಗೆ ಮದುವೆಮನೆಯ ಹಾಗೇ ಕಟ್ಟಿದ ಹೋಟೆಲೊಂದಿತ್ತು. ಚಪ್ಪರ, ಟೇಪಿನಲ್ಲಿ ವಾಲಗ, ಮಂಟಪದಲ್ಲಿ ಸಂಬಳಕ್ಕೆ ಕೂತ ಗಂಡು ಹೆಣ್ಣು. ಬಾಗಿಲಲ್ಲೇ ಪನ್ನೀರು ಚಿಮುಕಿಸಿ, "ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?" ಎಂದು ಕೇಳಿದರು. ನಾನು ಬೆಬ್ಬೆಬ್ಬೆ ಅಂದೆ.

ಎಲೆ ತುಂಬ ಬಡಿಸಿದರೂ ನಮ್ಮ ವ್ಯಾನಿನ ಕಲ್ಯಾಣದುರ್ಗದ ಅಜ್ಜಿ ಮುಟ್ಟಲಿಲ್ಲ.

"ತಾಳಿ ಕಟ್ಟೋಗಂಟ ಹೆಂಗಪ್ಪ ಉಣ್ಣೋದು?"

"ಇದು ಸುಳ್ಳು ಮದ್ವೆ ಅಜ್ಜಿ, ತಾಳಿ ಕಟ್ಟಲ್ಲ."

"ಊಟ ನಿಜ ಐತಲ್ಲ?"

ಬೆಳಿಗ್ಗೆಯಿಂದ ಉಪವಾಸದಲ್ಲಿದ್ದ ಅಜ್ಜಿ ತಲೆಸುತ್ತಿ ಬಿದ್ದರೆ ನನ್ನ ಮೇಲೇ ಬರುತ್ತದೆ. ಮಂಟಪಕ್ಕೆ ಹೋಗಿ, ಒಂದು ದಾರವನ್ನಾದರೂ ಕಟ್ಟಿಬಿಡಪ್ಪ ಎಂದು ಬೇಡಿಕೊಂಡೆ. ಗಂಡು ಒಪ್ಪಿದ. ಹೆಣ್ಣು ದಡಕ್ಕನೆ ಎದ್ದಳು.

"ಬ್ಯಾಡ ಕಣಣ್ಣ! ಮುಂದಿನ ತಿಂಗ್ಳು ರೊದ್ದಂನಾಗೆ ನನ್ ಮದ್ವೆ ಐತೆ. ಹುಡುಗ ಬ್ಯಾರೆ!"

ಹಿಂದೆಯೇ ಬಂದಿದ್ದ ಅಜ್ಜಿ ಅವಳಿಗೆ ದೃಷ್ಟಿ ತೆಗೆದು ಲಟಿಕೆ ಮುರಿದರು. "ಅಂಗಾದ್ರೆ ಅಲ್ಲೇ ಬಂದು ಉಣ್ತೀನಿ ಕಣಮ್ಮ."

"ಬನ್ನಿ ಅಜ್ಜಿ," ಅಂದಳು ಹುಡುಗಿ.

ಅಜ್ಜಿಗೆ ವ್ಯಾನಿನಲ್ಲಿ ಬಾಳೆಹಣ್ಣು ತಿನ್ನಿಸಿ ಕರೆತಂದೆ. ಮದುವೆಗೆ ಬರ್ತೀನಿ ಅಂದದ್ದು ಬರೀ ಬಾಯಿಮಾತು ಅಂದುಕೊಂಡಿದ್ದೆ. ಮುಂದಿನ ತಿಂಗಳು ಅಜ್ಜಿ ನನ್ನ ವ್ಯಾನೇ ಬೇಕೆಂದು ಹೇಳಿಕಳಿಸಿದರು. ರೊದ್ದಂನ ಚಪ್ಪರದ ಬಾಗಿಲಲ್ಲೂ ಪನ್ನೀರು ಚಿಮುಕಿಸಿ ಅದೇ ಪ್ರಶ್ನೆ ಕೇಳಿದರು. ನನ್ನದು ಮತ್ತೆ ಬೆಬ್ಬೆಬ್ಬೆ.

ಅಜ್ಜಿ ಮಾತ್ರ ತಡವರಿಸಲಿಲ್ಲ. "ಪಾರ್ಕಿನ ಕಡೆಯೋರು ಕಣಪ್ಪ. ತಾಳಿ ಆಯ್ತಾ?"