ಉಸಿರಿಗೆಂದು ತಂದ ಮಾತ್ರೆ

ನನ್ನ ಯಜಮಾನರ ಹೆಸರು ಗುರುಬಸಪ್ಪ. ವಿಜಯನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ದಪ್ಪ ಆಳು. ಗಿರಣಿ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಹೋಗುತ್ತಿದ್ದರು. ವರ್ಷಗಟ್ಟಲೆ ಹಿಟ್ಟಿನ ದೂಳು ಎದೆಗೆ ಹೋಗಿ ದಮ್ಮು ಹತ್ತಿತು. ಕೂತರೂ ಏದುಸಿರು, ನಿಂತರೂ ಏದುಸಿರು.

ತುರ್ತು ಪರಿಸ್ಥಿತಿ ಬಂದ ವರ್ಷ ಒಬ್ಬ ಡಾಕ್ಟರು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಸ್ವಲ್ಪ ದಿನ ನುಂಗಿ ಬಂದು ತೋರಿಸಿ ಎಂದಿದ್ದರು. ಉಸಿರು ಸಲೀಸಾಯಿತು. ಇವರು ಮತ್ತೆ ಅಲ್ಲಿಗೆ ಹೋಗಲಿಲ್ಲ. ಹಳೇ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಅದನ್ನೇ ತರುತ್ತಿದ್ದರು. ಮಳೆಗಾಲ ಹೋಗಿ ಬೇಸಿಗೆ ಬಂತು. ಮಾತ್ರೆ ನಿಲ್ಲಲಿಲ್ಲ.

ಹಸಿವು ಹೆಚ್ಚಿತು. ಮುಖ ಉಬ್ಬಿ ದುಂಡಗಾಯಿತು. ಹೊಟ್ಟೆ ಇನ್ನೂ ಮುಂದೆ ಬಂತು. ಕೈಕಾಲು ಮಾತ್ರ ಸೊರಗಿದವು. ಅದನ್ನು ಯಾರೂ ನೋಡಲಿಲ್ಲ.

"ಏನ್ ಗುರುಬಸಪ್ಪನೋರೆ, ಜನದ ಹಿಟ್ಟೆಲ್ಲಾ ನೀವೇ ತಿಂತಾ ಇದೀರಾ?" ಎಂದು ಪಕ್ಕದ ಸೈಕಲ್ ಅಂಗಡಿ ಮುನಿರಾಮಯ್ಯ ರೇಗಿಸುತ್ತಿದ್ದರು.

"ನಿಮ್ದು ಕಮ್ಮಿ ಬಂದಿದ್ರೆ ಹೇಳಿ, ಈ ಹೊಟ್ಟೇಲೇ ತೂಕ ಹಾಕೊಡ್ತೀನಿ," ಎಂದು ಇವರು ನಗುತ್ತಿದ್ದರು.

ಔಷಧಿ ಮೈಗೆ ಹಿಡಿದಿದೆ ಎಂದು ಎಲ್ಲರೂ ಅಂದರು.

ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿದವರಲ್ಲ ಇವರು. ಜ್ವರ ಬಂದಾಗಲೂ ಹಾಕಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ಸ್ನಾನವೂ ಆಗಿಲ್ಲ, ಅಡುಗೆಮನೆಯಲ್ಲಿ ನಿಂತು ಕೊಡದಿಂದ ಚೆಂಬು ಚೆಂಬು ನೀರು ಕುಡಿಯುತ್ತಿದ್ದಾರೆ. ನೀರು ಎದೆಯ ಮೇಲೆಲ್ಲ ಸುರಿಯುತ್ತಿದೆ.

"ರೀ, ಪೂಜೆ?"

"ತಡ್ಕೊಳ್ಳಕ್ಕಾಗ್ಲಿಲ್ಲ ಕಣೇ. ಯಾರ್ಗೂ ಹೇಳ್ಬೇಡ."

ಉಷ್ಣವಾಗಿದೆ ಎಂದು ಇವರ ಅಕ್ಕ ಬಸವ್ವ ದಿನಾ ಬೆಲ್ಲದ ಪಾನಕ ಮಾಡಿಕೊಟ್ಟರು. ಕುಡಿದಷ್ಟೂ ದಾಹ. ಗಳಿಗೆಗೊಮ್ಮೆ ಮೂತ್ರ. ಎಡವಿ ಕಾಲ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ನನಗೆ ಭಯ ಹತ್ತಿ, ಬಲವಂತ ಮಾಡಿ ರಾಜಾಜಿನಗರದ ಡಾಕ್ಟರ್ ಕೃಷ್ಣಯ್ಯನವರ ಹತ್ತಿರ ಕರೆದುಕೊಂಡು ಹೋದೆ.

ಅವರು ಗಾಜಿನ ಕೊಳವೆಯಲ್ಲಿ ನೀಲಿ ನೀರಿಗೆ ಮೂತ್ರದ ಹನಿ ಬಿಟ್ಟು ಕಾಯಿಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನಾನು ತೋರಿಸಿದ ಹಳೇ ಚೀಟಿ ಓದಿ ಡಾಕ್ಟರ ಮುಖವೂ ಬಣ್ಣಗೆಟ್ಟಿತು.

"ಈ ಸ್ಟೀರಾಯ್ಡ್ ಮಾತ್ರೆ ಎಷ್ಟು ದಿನದಿಂದ ನುಂಗ್ತಿದೀರಿ?"

"ಹತ್ತಿರ ವರ್ಷ ಆಯ್ತು ಸಾರ್," ಎಂದು ಇವರು ತಲೆ ತಗ್ಗಿಸಿದರು.

"ನೋಡೀಮ್ಮಾ," ಎಂದು ಡಾಕ್ಟರು ನನಗೇ ಹೇಳಿದರು, "ರಕ್ತದ ಸಕ್ಕರೇನ ಮೈಗೆ ಸೇರಿಸೋದು ಇನ್ಸುಲಿನ್ ಅನ್ನೋ ರಸ. ದಪ್ಪ ಮೈಯಲ್ಲಿ ಅದರ ಕೆಲಸ ಮೊದಲೇ ಸರಿಯಾಗಿ ನಡಿಯಲ್ಲ. ಈ ಮಾತ್ರೆ ಅದನ್ನ ಇನ್ನೂ ಕೆಡಿಸುತ್ತೆ. ಸಕ್ಕರೆ ರಕ್ತದಲ್ಲೇ ನಿಂತು ಮೂತ್ರದಲ್ಲೂ ಬರ್ತಿದೆ. ದಿನಾ ಬಂದು ಇನ್ಸುಲಿನ್ ಸೂಜಿ ಹಾಕಿಸ್ಕೊಳ್ಳಿ."

"ಹಂಗಾದ್ರೆ ಮಾತ್ರೆ ಇವತ್ತೇ ಬಿಟ್ಬಿಡ್ತೀನಿ ಸಾರ್."

"ಬಿಟ್ಟೀರಿ, ಹುಷಾರು! ಈ ಮಾತ್ರೇಲಿರೋಂಥ ರಸಾನ ಮೈಯೇ ತಯಾರಿಸ್ಕೋಬೇಕು. ಮಾತ್ರೆ ನುಂಗಿ ನುಂಗಿ ನಿಮ್ಮ ಮೈ ಅದನ್ನ ಮರೆತಿದೆ. ತಟ್ಟಂತ ನಿಲ್ಲಿಸಿದ್ರೆ ಪ್ರಾಣಕ್ಕೇ ಬರುತ್ತೆ. ನಾನು ಹೇಳಿದ ಹಾಗೆ ಚೂರು ಚೂರೇ ಇಳಿಸ್ಬೇಕು."

ಅವತ್ತಿನ ಸೂಜಿ ಹಾಕಿ ಕಳಿಸಿದರು.

ಮನೆಯಲ್ಲಿ ಬಸವ್ವ ಎಲ್ಲ ಕೇಳಿದರು. "ವಿಷ ಅಂತ ಗೊತ್ತಾದ್ಮೇಲೂ ಚೂರು ಚೂರು ತಿಂತಾರೇನೋ, ದಡ್ಡಾ!" ಎಂದರು.

ಇವರು ಎದ್ದು ಹೋಗಿ ಮಾತ್ರೆಯೆಲ್ಲ ಬಚ್ಚಲಿಗೆ ಸುರಿದರು.

"ರೀ, ಡಾಕ್ಟ್ರು ಅಷ್ಟು ಹೇಳಿದಾರೆ, ಬೇಡ್ರೀ!" ಎಂದು ನಾನು ಕೈ ಹಿಡಿದೆ.

"ಸಕ್ಕರೆ ಕಾಯಿಲೇಲಿ ನಮ್ಮಪ್ಪನ ಕಾಲು ಕತ್ತರಿಸಿದ್ರು. ನಾನು ನೋಡಿದೀನಿ. ಬಿಡೇ ನನ್ನ," ಎಂದರು. ಕಣ್ಣಲ್ಲಿ ಭಯ ಬಿಟ್ಟು ಬೇರೆ ಏನೂ ಇರಲಿಲ್ಲ.

ಅಂಗಡಿಗೆ ನಾನೇ ಹೋಗಿ ಮಾತ್ರೆ ತಂದೆ. ಹಲ್ಲು ಕಚ್ಚಿ ಮುಖ ತಿರುಗಿಸಿದರು. ಸೂಜಿಗೂ ಬರಲಿಲ್ಲ. ಮಾರನೇ ದಿನ ವಾಂತಿ ಶುರುವಾಯಿತು. ಅದರ ಮಾರನೇ ದಿನ ಎದ್ದು ಕೂರಲು ಆಗಲಿಲ್ಲ. ಮೈ ಬೆವರಿ ತಣ್ಣಗಿತ್ತು. ದಮ್ಮೂ ವಾಪಸು ಬಂತು. "ಮಾತ್ರೆ ಕೊಡೇ," ಎಂದರು. ಕೊಟ್ಟೆ. ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಮುನಿರಾಮಯ್ಯನವರು ಆಟೋ ತಂದರು. ಮೂವರು ಸೇರಿ ಎತ್ತಿ ಕೂರಿಸಿದೆವು. ದೊಡ್ಡಾಸ್ಪತ್ರೆಗೆ ಹೊರಟೆವು. ಮಾಗಡಿ ರಸ್ತೆಯಲ್ಲಿ ಇವರ ತಲೆ ನನ್ನ ಭುಜಕ್ಕೆ ಬಿತ್ತು. ಆ ಏದುಸಿರಿನ ಸದ್ದು ನಿಂತಿತು.

ಡ್ರೈವರಿಗೆ ನಾನು ಹೇಳಲಿಲ್ಲ. ಹೇಳಿದರೆ ಆಟೋ ನಿಲ್ಲಿಸಿಬಿಡುತ್ತಾನೆ ಎಂದು ಭಯ. "ಬೇಗ ಹೋಗಪ್ಪಾ, ಬೇಗ ಹೋಗು," ಎನ್ನುತ್ತಲೇ ಇದ್ದೆ.